ಗಿರಣಿ ಎಲ್ಕಾನನ ಹರಕೆಯ ಓಟ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಬೆನಾಯನ ಎರಡು ಟಗರು.

ಆರು ತಿಂಗಳ ಹಿಂದಿನ ಒಂದು ಭಾನುವಾರ. ಇಟೆನ್ ಊರಿನ ನಮ್ಮ ಚರ್ಚಿನಲ್ಲಿ ಜನ ಒಬ್ಬೊಬ್ಬರೇ ಎದ್ದು, ದೇವರು ಮಾಡಿದ ಉಪಕಾರ ನೆನೆದು, ಅದಕ್ಕೆ ತಾವು ಏನು ಕೊಡುತ್ತೇವೆ ಎಂದು ಹೇಳುವ ಹೊತ್ತು. ಗಿರಣಿ ಎಲ್ಕಾನ ಒಂದು ಟಗರು ಕೊಡುವುದೆಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಬಂದಿದ್ದ. ಅವನ ಹೆಂಡತಿ ರಾಯೆಲ್ ನ್ಯುಮೋನಿಯಾ ಆಗಿ ಎಲ್ಡೊರೆಟ್ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದ್ದು, ಡಾಕ್ಟರುಗಳೇ ಕೈಚೆಲ್ಲಿದ ಮೇಲೆ ಎದ್ದು ಮನೆಗೆ ಬಂದಿದ್ದಳು. ಅದಕ್ಕೆ ಒಂದು ಟಗರು ಕಡಿಮೆಯೇ. ಆದರೆ ಹಟ್ಟಿಯಲ್ಲಿ ಇದ್ದದ್ದೇ ಒಂದು. ಅವನ ಗ್ರಹಚಾರಕ್ಕೆ ಪಕ್ಕದ ಮನೆಯ ಬೆನಾಯ ಮೊದಲು ಎದ್ದು ನಿಂತು, ತನ್ನ ಅತಿಥಿಗೃಹಕ್ಕೆ ಹೊಸ ತಗಡು ಹೊದಿಸಲು ಸಾಧ್ಯವಾಯಿತೆಂದು ಎರಡು ಟಗರು ಕೊಡುವುದಾಗಿ ಹೇಳಿಬಿಟ್ಟ.

ತಗಡಿಗೆ ಎರಡು ಟಗರಾದರೆ ಹೆಂಡತಿಗೆ ಒಂದು ಅನ್ನುವುದು ಹೇಗೆ? ಎದ್ದು ನಿಂತ ಎಲ್ಕಾನನ ಬಾಯಿ ಒಣಗಿತು. ತಲೆ ಕೈಕೊಟ್ಟಿತು. ನಾಲಿಗೆ ಮಾತ್ರ ತನ್ನ ಪಾಡಿಗೆ ತಾನು ಹೊರಟಿತು.

"ನಾನು ಶನಿವಾರದ ಉದ್ದದ ಓಟ ಓಡ್ತೀನಿ," ಎಂದ. "ಪೂರ್ತಿ. ಎಲ್ಲೂ ನಿಲ್ಲದೆ, ಯಾವ ಗಾಡೀನೂ ಹತ್ತದೆ."

ಬೇರೆ ಊರಿನವರಾಗಿದ್ದರೆ ಭೇಷ್ ಅನ್ನುತ್ತಿದ್ದರೋ ಏನೋ. ನಮ್ಮದು ಓಟಗಾರರ ಊರು. ಇಲ್ಲಿ ಮನೆಗೆ ಹಾಲು ತಂದುಕೊಡುವ ಹೆಂಗಸು ಕೂಡ ಯಾವುದೋ ದೇಶದಲ್ಲಿ ಪದಕ ಗೆದ್ದು ಬಂದವಳಿರುತ್ತಾಳೆ. ಶನಿವಾರದ ಓಟವೆಂದರೆ ಕೆಂಪು ಮಣ್ಣಿನ ಏರಿಳಿತದ ದಾರಿಯಲ್ಲಿ ಮೂವತ್ತು ಕಿಲೋಮೀಟರು. ಪದಕದವರೇ ಅದಕ್ಕೆ ಮುಂಚಿನ ದಿನ ಬೇಗ ಮಲಗುತ್ತಾರೆ. ಎಲ್ಕಾನನೋ ಐವತ್ತರ ಹತ್ತಿರದ ಆಸಾಮಿ, ದಿನವಿಡೀ ಮೆಕ್ಕೆಜೋಳ ಬೀಸುತ್ತ ಹುಬ್ಬಿನವರೆಗೂ ಬೆಳ್ಳಗಾಗಿ ನಿಂತಿರುವವನು. ನಡೆಯುವಾಗ ಹೊಟ್ಟೆ ಅವನಿಗಿಂತ ಅರ್ಧ ಹೆಜ್ಜೆ ಮುಂದಿರುತ್ತಿತ್ತು. ಪಾಸ್ಟರ್ ಒಬಾದಿಯಾ ಮಾತ್ರ ಗಂಭೀರವಾಗಿ ತಲೆಯಾಡಿಸಿ, ರಾಯೆಲ್ ಮನೆಗೆ ಬಂದು ವರ್ಷ ತುಂಬುವ ಭಾನುವಾರ ಎಲ್ಕಾನ ಸಭೆಯ ಮುಂದೆ ನಿಂತು ಹರಕೆ ತೀರಿತೋ ಇಲ್ಲವೋ ಹೇಳಬೇಕೆಂದು ಗೊತ್ತುಮಾಡಿದರು.

ಮಾರನೆಯ ದಿನದಿಂದಲೇ ಎಲ್ಕಾನ ಅಭ್ಯಾಸ ಶುರುಮಾಡಿದ. ಮೊದಲ ವಾರ ದೇವರಲ್ಲಿ ವೇಗ ಬೇಡಿದ. ಆಮೇಲೆ ಉಸಿರು ಬೇಡಿದ. ಕೊನೆಗೆ ಬೇಡುವುದಕ್ಕೂ ಉಸಿರು ಸಾಲದೆ ಬರೀ ವಂದನೆ ಹೇಳತೊಡಗಿದ, ಕರೆಂಟು ಕಂಬಕ್ಕೊಂದರಂತೆ. ರಾಯೆಲ್‌ಗಾಗಿ ಒಂದು ಕಂಬ, ಮಗಳು ಯೂನಿಸ್‌ಗಾಗಿ ಒಂದು, ಇನ್ನೂ ಹರಿಯದ ಗಿರಣಿ ಬೆಲ್ಟಿಗಾಗಿ ಒಂದು. ಊರು ದಾಟುವಷ್ಟರಲ್ಲಿ ಅವನಿಗೆ ತಿಳಿದಿದ್ದ ಉಪಕಾರಗಳೆಲ್ಲ ಮುಗಿದವು, ಕಂಬಗಳು ಮುಗಿದಿರಲಿಲ್ಲ. ಹುಡುಕಬೇಕಾಯಿತು. ರಾಯೆಲ್ ಆಸ್ಪತ್ರೆಯಲ್ಲಿದ್ದಾಗ ಯಾರೂ ಹೇಳದೆ ಬಂದು ಹಸು ಕರೆದುಕೊಟ್ಟು ಹೋಗುತ್ತಿದ್ದ ಮುದುಕಿ, ವಾರ್ಡಿನ ಬಾಗಿಲಲ್ಲಿ ತನ್ನ ಪಾಲಿನ ಚಹಾದಲ್ಲಿ ಅರ್ಧ ಕೊಟ್ಟ ಕಾವಲುಗಾರ, ಹೀಗೆ ಅವನು ಮರೆತೇಬಿಟ್ಟಿದ್ದವರೆಲ್ಲ ಒಂದೊಂದು ಕಂಬದ ಬುಡದಲ್ಲಿ ನೆನಪಾದರು. ಒಂದು ದಿನ ಬೆನಾಯನಿಗೂ ಒಂದು ಕಂಬ ಕೊಟ್ಟ. ತಾನು ಸ್ವಲ್ಪ ಒಳ್ಳೆಯ ಮನುಷ್ಯನಾಗುತ್ತಿದ್ದೇನೆ ಎಂದು ಅವತ್ತು ಅವನಿಗೆ ಅನ್ನಿಸಿತು. ಮಂಡಿಗಳು ಮಾತ್ರ ಅದನ್ನು ಒಪ್ಪಲಿಲ್ಲ.

ಹೀಗೆ ಕೊನೆಯ ಶನಿವಾರ ಬಂತು. ಇವತ್ತು ಓಡಿ ಮುಗಿಸಬೇಕು, ಇಲ್ಲವೇ ನಾಳೆ ಸಭೆಯ ಮುಂದೆ ತಲೆ ತಗ್ಗಿಸಬೇಕು. ಯಾರಿಗೂ ಹೇಳದೆ, ಯಾರ ಕಣ್ಣಿಗೂ ಬೀಳದೆ, ತಾನೂ ದೇವರೂ ಇಬ್ಬರೇ ಮುಗಿಸಿಕೊಳ್ಳಬೇಕೆಂದು ಎಲ್ಕಾನ ಮನಸ್ಸು ಮಾಡಿದ್ದ. ಬೆಳಗಿನ ಚಳಿಯಲ್ಲಿ ಊರಿನ ಓಟಗಾರರ ದಂಡು ದೂಳೆಬ್ಬಿಸಿಕೊಂಡು ಹೋಗುವವರೆಗೆ ಬೇಲಿಯ ಮರೆಯಲ್ಲಿ ಕಾದು, ಆಮೇಲೆ ನಿಧಾನವಾಗಿ ರಸ್ತೆಗಿಳಿದ.

ಎದುರಿಗೇ ಬೆನಾಯನ ಅತಿಥಿಗೃಹ. ಅಂಗಳದಲ್ಲಿ ಪರದೇಶದಿಂದ ಓಟ ಕಲಿಯಲು ಬಂದ ಹತ್ತು ಹನ್ನೆರಡು ಜನ ಕೈಕಾಲು ಚಾಚಿಕೊಳ್ಳುತ್ತಿದ್ದರು. ಈ ಪರದೇಶದವರದೊಂದು ನಂಬಿಕೆ ಇದೆ. ನಮ್ಮ ದೊಡ್ಡ ಓಟಗಾರರು ದಣಿದ ಮಾರನೆಯ ದಿನ ಹಸು ಮೇಯಿಸಲು ಹೊರಟವರ ಹಾಗೆ ನಿಧಾನವಾಗಿ ಓಡುತ್ತಾರೆ; ಗುಟ್ಟೆಲ್ಲ ಇರುವುದು ಆ ನಿಧಾನದಲ್ಲೇ ಎಂದು ಅವರ ಲೆಕ್ಕ. ಅಂಥವರ ಕಣ್ಣಿಗೆ ಎಲ್ಕಾನ ಬಿದ್ದ. ಅಷ್ಟು ನಿಧಾನವಾಗಿ ಓಡುವ ಮನುಷ್ಯನನ್ನು ಅವರು ಹುಟ್ಟಿದ ಮೇಲೆ ಕಂಡಿರಲಿಲ್ಲ. ಯೋರಿಸ್ ಎಂಬ ಉದ್ದನೆಯ ಡಚ್ಚಿನವನು ಪಿಸುದನಿಯಲ್ಲಿ ಯಾರು ಅವರು ಎಂದು ಬೆನಾಯನನ್ನು ಕೇಳಿದ.

ಬೆನಾಯ ಚಹಾ ಲೋಟದಿಂದ ಮುಖ ಎತ್ತಲಿಲ್ಲ. "ಅವನಾ? ಅವನು ಪಂದ್ಯಕ್ಕೆಲ್ಲ ಓಡಲ್ಲ. ದೇವರಿಗೆ ಮಾತ್ರ ಓಡ್ತಾನೆ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಎರಡು ನಿಮಿಷದಲ್ಲಿ ಹನ್ನೆರಡು ಜೋಡಿ ಬಣ್ಣದ ಬೂಟುಗಳು ಎಲ್ಕಾನನ ಹಿಂದೆ ಸಾಲಾಗಿ ಹೊರಟವು.

ಮೊದಲು ಅವರು ದಾಟಿ ಹೋಗಲಿ ಎಂದು ಎಲ್ಕಾನ ರಸ್ತೆ ಬದಿಗೆ ಸರಿದ. ಅವರೂ ಸರಿದರು. ಇನ್ನಷ್ಟು ನಿಧಾನ ಮಾಡಿದ. ಹಿಂದಿನಿಂದ ಮೆಚ್ಚುಗೆಯ ನಿಟ್ಟುಸಿರು ಕೇಳಿಸಿತು. ಬೂಟಿನೊಳಗೆ ಕಲ್ಲು ಸೇರಿತು. ನಿಲ್ಲುವ ಹಾಗಿಲ್ಲವಲ್ಲ, ಒಂಟಿಗಾಲಲ್ಲಿ ಕುಪ್ಪಳಿಸುತ್ತ ಅದನ್ನು ಕೊಡವಿದ. ತಿರುಗಿ ನೋಡಿದರೆ ಮೂವರು ಒಂಟಿಗಾಲಲ್ಲಿ ಬರುತ್ತಿದ್ದರು. ಯೋರಿಸ್ ಪಕ್ಕಕ್ಕೆ ಬಂದು, ನಿಮ್ಮ ಜೀವನದ ಅತ್ಯುತ್ತಮ ಓಟ ಯಾವುದು ಎಂದು ವಿನಯದಿಂದ ಕೇಳಿದ.

"ಇವತ್ತಿಂದು," ಎಂದ ಎಲ್ಕಾನ. "ಮುಗಿದ್ರೆ."

ಯೋರಿಸ್ ಇದನ್ನು ಹಿಂದಿನವರಿಗೆ ತಿರುಗಿ ಹೇಳಿದ. ಸಾಲಿನುದ್ದಕ್ಕೂ ಆ ಮಾತು ಬಾಯಿಂದ ಬಾಯಿಗೆ ಹೋಯಿತು. ಕಾಲಿಗೆ ಬಲ ಬರಲು ಏನು ಮಾಡುತ್ತೀರಿ ಎಂದು ಇನ್ನೊಬ್ಬ ಕೇಳಿದ. ಜೋಳದ ಮೂಟೆ ಹೊರುತ್ತೇನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತಾವೂ ಬಂದು ಹೊರಬಹುದೇ ಎಂದು ನಾಲ್ವರು ಒಟ್ಟಿಗೆ ಕೇಳಿದಾಗ, ಗಿರಣಿ ಇಟ್ಟುಕೊಂಡ ಯಾವ ಮನುಷ್ಯ ತಾನೇ ಬೇಡ ಅನ್ನುತ್ತಾನೆ? ಸೋಮವಾರ ಬನ್ನಿ ಎಂದ.

ದಾರಿಯುದ್ದಕ್ಕೂ ನಮ್ಮ ಜನ ಇದನ್ನು ಬೇರೆಯೇ ಬಗೆಯಲ್ಲಿ ಅರ್ಥಮಾಡಿಕೊಂಡರು. ಗಿರಣಿಯವನು ಏದುಸಿರು ಬಿಡುತ್ತ ಮುಂದೆ, ಪರದೇಶದವರ ಗುಂಪು ಹಿಂದೆ. ಇವನು ಅವರದೇನೋ ಎತ್ತಿಕೊಂಡು ಓಡುತ್ತಿದ್ದಾನೆ ಎಂದು ಊರಾಚೆಯ ಚಹಾ ಅಂಗಡಿಯವರು ಫೋನು ಹಚ್ಚಿದರು. ಸುದ್ದಿ ಅವನಿಗಿಂತ ಬೇಗ ಓಡಿತು. ಅದೇನು ದೊಡ್ಡ ವಿಷಯವಲ್ಲ ಬಿಡಿ. ಮರದ ದಿಮ್ಮಿ ಸೇತುವೆಯ ಹತ್ತಿರ, ಹಿಂದೆ ಅವನ ಹಸು ಕರೆದುಕೊಟ್ಟಿದ್ದ ಮುದುಕಿ ಕೋಗೋ ತಪ್ಸುಬೇಯ್ (ಕೋಗೋ ಅಂದರೆ ಅಜ್ಜಿ, ಊರಿಗೆಲ್ಲ ಅವಳು ಅಜ್ಜಿಯೇ), ದನ ಹೊಡೆಯುವ ಕೋಲು ಅಡ್ಡ ಹಿಡಿದು ರಸ್ತೆ ನಡುವೆ ನಿಂತಿದ್ದಳು.

"ಏನ್ ತಗೊಂಡ್ಯಪ್ಪ ಇವರದ್ದು? ಕೊಟ್ಬಿಡು," ಎಂದಳು. "ಕೊಡೋಕಾಗ್ದಿದ್ರೆ ನನ್ನ ಕೊಟ್ಟಿಗೇಲಿ ಅವಿತ್ಕೋ. ಇವರನ್ನ ನಾನು ನೋಡ್ಕೋತೀನಿ."

ನಿಂತರೆ ಹರಕೆ ಕೆಟ್ಟಿತು. ಎಲ್ಕಾನ ನಿಂತಲ್ಲೇ ಕಾಲು ಕುಣಿಸುತ್ತ, ಏನೂ ತಗೊಂಡಿಲ್ಲ ಕೋಗೋ, ಸುಮ್ಮನೆ ನನ್ನ ಹಿಂದೆ ಓಡುತ್ತಿದ್ದಾರೆ ಎಂದು ಬಿಡಿಸಿ ಹೇಳಿದ. ಹಿಂದಿದ್ದ ಹನ್ನೆರಡು ಜನರೂ ನಿಂತಲ್ಲೇ ಕಾಲು ಕುಣಿಸಿದರು.

ಮುದುಕಿ ಈ ಕುಣಿತವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದಳು. "ನಿನ್ನ ಹಿಂದೇನಾ? ಪಾಪ, ಊರಲ್ಲಿ ಬೇರೆ ಯಾರೂ ಸಿಗಲಿಲ್ವಾ ಇವರಿಗೆ?" ಎಂದು ನಗಲು ಶುರುಮಾಡಿದವಳು ಕೋಲು ಊರಿಕೊಂಡು ನಕ್ಕಳು. ಆದರೂ ಕಳ್ಳತನವಲ್ಲ ಎಂದು ತಿಳಿದ ಸಮಾಧಾನಕ್ಕೆ ಒಳಗೆ ಹೋಗಿ ಸೋರೆಬುರುಡೆಯ ಹುಳಿಹಾಲು ತಂದು ಎಲ್ಲರಿಗೂ ಕೊಟ್ಟಳು. ಕುಣಿಯುತ್ತ ಕುಡಿದ ಎಲ್ಕಾನನಿಗೆ ಅರ್ಧ ಹೊಟ್ಟೆಗೆ ಹೋಯಿತು, ಇನ್ನರ್ಧ ಅಂಗಿಗೆ.

ವಾಪಸು ಬರುವಾಗ ದೊಡ್ಡ ಏರಿನಲ್ಲಿ ಅವನ ಕತೆ ಮುಗಿಯಿತು. ಹುಳಿಹಾಲು ಒಳಗೆ ಬೇರೆ ಸ್ವರದಲ್ಲಿ ಮಾತಾಡುತ್ತಿತ್ತು. ತೊಡೆಗಳು ತನ್ನವೆಂದು ಅನ್ನಿಸುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಸರಿಯಾಗಿ ಹಾಲಿನ ಗಾಡಿ ಪಕ್ಕಕ್ಕೆ ಬಂತು. ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, ಹತ್ತಪ್ಪ, ದೇವರಿಗೆ ಇವತ್ತು ನೋಡೋಕೆ ಬೇಕಾದಷ್ಟು ಜನ ಇದ್ದಾರೆ, ನಿನ್ನನ್ನೇ ನೋಡ್ತಾ ಕೂತಿರಲ್ಲ ಎಂದ. ಎಲ್ಕಾನನ ಕೈ ಗಾಡಿಯ ಹಿಂಬದಿಯ ಕಂಬಿಯನ್ನು ಹಿಡಿದೇಬಿಟ್ಟಿತು. ಒಂದು ಹಾರು ಹಾರಿದರೆ ಸಾಕಿತ್ತು. ಆಗ ಅವನಿಗೆ ಆಸ್ಪತ್ರೆಯ ಮಂಚದ ಕಂಬಿ ನೆನಪಾಯಿತು; ಅದನ್ನೇ ಹಿಡಿದುಕೊಂಡು ರಾಯೆಲ್ ಮೊದಲ ಸಲ ಎದ್ದು ನಿಂತಿದ್ದಳು, ಕಾಲು ನಡುಗುತ್ತಿದ್ದರೂ ಕೂರುವುದಿಲ್ಲ ಎಂದಿದ್ದಳು. ಅವನ ಕಣ್ಣು ತುಂಬಿತು. ಕೈಬಿಟ್ಟ. ಗಾಡಿ ಮುಂದೆ ಹೋಯಿತು.

ಇನ್ನು ಈ ನಾಟಕವೂ ಸಾಕು ಅನ್ನಿಸಿತು. ಪಕ್ಕದಲ್ಲಿ ಮೆಟ್ಟೆ ಎಂಬ ಡೆನ್ಮಾರ್ಕಿನ ಹೆಂಗಸು ಓಡುತ್ತಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟ: ತಾನು ಗಿರಣಿಯವನು, ಪದಕ ಗಿದಕ ಏನೂ ಇಲ್ಲ, ಇಡೀ ಇಟೆನ್‌ನಲ್ಲಿ ತನ್ನಷ್ಟು ನಿಧಾನದವನು ಇನ್ನೊಬ್ಬನಿಲ್ಲ, ಹೆಂಡತಿ ಬದುಕಿದ್ದಕ್ಕೆ ಹರಕೆ ತೀರಿಸುತ್ತಿದ್ದೇನೆ ಅಷ್ಟೇ. ಹಿಂದಿದ್ದ ಯೋರಿಸ್ ನಿಜವಾದ ದೊಡ್ಡವರು ಹೀಗೇ ಮಾತಾಡುವುದು ಎಂದು ಪಕ್ಕದವನಿಗೆ ಹೇಳಿದ.

ಮೆಟ್ಟೆ ಮಾತ್ರ ನಕ್ಕಳು. "ಗೊತ್ತು ಅಣ್ಣ. ಆ ಅಜ್ಜಿ ನಗೋದು ನೋಡಿದಾಗ್ಲೇ ಗೊತ್ತಾಯ್ತು. ನಾನು ವೇಗದ ಹಿಂದೆ ಬಿದ್ದು ಕಾಲು ಹಾಳು ಮಾಡ್ಕೊಂಡವಳು. ನೋವಿಲ್ಲದೆ ಓಡಿ ಎರಡು ವರ್ಷ ಆಗಿತ್ತು. ಇವತ್ತು ಓಡ್ತಿದ್ದೀನಿ. ನಿಮ್ಮ ದಮ್ಮಯ್ಯ, ನಿಲ್ಲಬೇಡಿ."

ತನ್ನ ನಿಧಾನವೂ ಯಾರದೋ ಕಾಲಿಗೆ ಔಷಧವಾಗಬಹುದೆಂದು ಎಲ್ಕಾನ ಅಂದುಕೊಂಡಿರಲಿಲ್ಲ. ಮುಂದಿನ ಕಂಬ ಅವಳಿಗೆ ಕೊಟ್ಟ, ಕೇಳಿಸುವ ಹಾಗೆ ಗಟ್ಟಿಯಾಗಿಯೇ ಹೇಳಿ. ಅದೇನು ಎಂದು ಅವಳು ಕೇಳಿದಳು, ಅವನು ವಿವರಿಸಿದ. ಆಮೇಲಿನ ಏರೆಲ್ಲ ವಿಚಿತ್ರವಾಗಿ ಕಳೆಯಿತು. ಹನ್ನೆರಡು ಜನ ತಮ್ಮ ತಮ್ಮ ಭಾಷೆಯಲ್ಲಿ ಕಂಬಕ್ಕೊಂದು ವಂದನೆ ಹೇಳುತ್ತ ಬಂದರು. ಯೋರಿಸ್ ತನ್ನ ಕಂಬದ ಹತ್ತಿರ ತೀರಿಹೋದ ತಾಯಿಯ ಹೆಸರು ಹೇಳಿ ಮೂಗು ಒರೆಸಿಕೊಂಡ. ಎಲ್ಕಾನ ತನ್ನ ತೊಡೆಗಳನ್ನು ಮರೆತೇಬಿಟ್ಟ.

ಚರ್ಚಿನ ಗೇಟು ಮುಟ್ಟಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ಕಳ್ಳನನ್ನು ನೋಡಲು ಸೇರಿದ್ದ ಊರು ಚಪ್ಪಾಳೆ ತಟ್ಟಿತು. ಬೆನಾಯ ತಾನೇ ಬಂದು ಹೆಗಲು ಕೊಟ್ಟು ಅವನನ್ನು ಮನೆಗೆ ತಲುಪಿಸಿದ.

ರಾಯೆಲ್ ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟು, ಗಂಡನ ಪಾದ ಅದರೊಳಗೆ ಇಳಿಸಿ, ಅಳುತ್ತ ಉಜ್ಜಿದಳು. ಎಲ್ಕಾನ ಗೋಡೆಗೊರಗಿ ಕಣ್ಣು ಮುಚ್ಚಿದ. ಹರಕೆ ತೀರಿತು. ಇನ್ನು ಈ ಜನ್ಮದಲ್ಲಿ ಗಿರಣಿಯಿಂದ ಮನೆಗೆ, ಮನೆಯಿಂದ ಗಿರಣಿಗೆ, ಅದೂ ನಡೆದುಕೊಂಡು. ಅಷ್ಟು ಹಗುರಾದ ಮನಸ್ಸು ಅವನಿಗೆ ವರ್ಷದಿಂದ ಇರಲಿಲ್ಲ.

"ಬಾಬಾ ಯೂನಿಸ್," ಎಂದಳು ರಾಯೆಲ್, ಯೂನಿಸಳ ಅಪ್ಪ ಎಂದು ಮಗಳ ಹೆಸರು ಸೇರಿಸಿ, ಯಾವಾಗಲೂ ಕರೆಯುವ ಹಾಗೆ. "ಒಂದು ಮಾತು ಹೇಳ್ಲಾ? ಆಸ್ಪತ್ರೆಯಲ್ಲಿ ನಾನೂ ಒಂದು ಹರಕೆ ಹೊತ್ತಿದ್ದೆ. ಎದ್ದು ಓಡಾಡೋ ಹಾಗಾದ್ರೆ ಆ ಶನಿವಾರದ ದಾರೀನ ಪೂರ್ತಿ ಓಡ್ತೀನಿ ಅಂತ. ನಿಮ್ಮ ಜೊತೆ."

ಎಲ್ಕಾನ ಕಣ್ಣು ತೆರೆದ. "ನನ್ನ ಜೊತೆ? ನನ್ನನ್ನ ಒಂದು ಮಾತು ಕೇಳದೆ ನನ್ನ ಕಾಲನ್ನೂ ಹರಕೆಗೆ ಸೇರಿಸಿದ್ಯಾ?"

"ಸಾಯೋ ಹೊತ್ತಲ್ಲಿ ಯಾರು ಯಾರನ್ನ ಕೇಳ್ತಾರೆ. ನಿಮ್ಮ ಕೈಲಿ ಆಗತ್ತೋ ಇಲ್ವೋ ಅಂತ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಇವತ್ತು ಗೊತ್ತಾಯ್ತಲ್ಲ."

ಅವಳಿಗೆ ಅಷ್ಟು ದೂರ ಓಡುವ ತ್ರಾಣ ಎಲ್ಲಿದೆ, ಅಭ್ಯಾಸವಾಗಲು ಇನ್ನೊಂದು ವರ್ಷವಾದರೂ ಬೇಕಲ್ಲ ಎಂದು ಎಲ್ಕಾನ ಆಸೆಯಿಂದ ಕೇಳಿದ. ಅಭ್ಯಾಸ ಆಗಿದೆ ಎಂದಳು ಅವಳು. ದಿನಾ ಬೆಳಿಗ್ಗೆ ಅವನು ಆ ಕಡೆ ಹೊರಟ ಮೇಲೆ ತಾನು ಈ ಕಡೆ ಹೊರಡುತ್ತಿದ್ದಳಂತೆ. ಓಡಿ ಬಂದು, ಸ್ನಾನ ಮಾಡಿ, ಹಸು ಕರೆದು, ಚಹಾ ಕುದಿಸಿದ ಎಷ್ಟೋ ಹೊತ್ತಿನ ಮೇಲೆ ಅವನು ಬರುತ್ತಿದ್ದನಂತೆ.

ಎಲ್ಕಾನ ಹೆಂಡತಿಯ ಮುಖ ನೋಡಿದ. ಹೋದ ವರ್ಷ ಇದೇ ಹೊತ್ತಿಗೆ ಆ ಕೆನ್ನೆಗಳಲ್ಲಿ ರಕ್ತವಿರಲಿಲ್ಲ. ಇವಳು ಬಾಗಿಲ ತನಕ ನಡೆದರೆ ಸಾಕು ಎಂದು ಅವನು ಬೇಡಿಕೊಂಡಿದ್ದ, ದೇವರು ಇವಳನ್ನು ಓಡಿಸಿಯೇ ಕೊಟ್ಟಿದ್ದ. ಇನ್ನು ಯಾವ ಬಾಯಲ್ಲಿ ಆಗುವುದಿಲ್ಲ ಅನ್ನುವುದು?

"ಆಯ್ತು," ಎಂದ. "ಮುಂದಿನ ಶನಿವಾರ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡೋಣ?"

ರಾಯೆಲ್ ಅವನ ಪಾದ ಒರೆಸುತ್ತ ಸ್ವಲ್ಪ ಯೋಚಿಸಿದಳು. "ನಿಮ್ಮ ಹೆಜ್ಜೇಲಾದ್ರೆ ಶುಕ್ರವಾರಾನೇ ಹೊರಡಬೇಕು," ಎಂದಳು.