ಮಣ್ಣಿನ ಕಪ್ಪು ತೆಗೆಯುವ ಎರಡು ದಾರಿ

1979ರಲ್ಲಿ ಬಿ.ಎಸ್ಸಿ. ಮುಗಿಸಿ ತುಮಕೂರಿನ ಒಂದು ಮಣ್ಣು ಪರೀಕ್ಷೆಯ ಪ್ರಯೋಗಾಲಯಕ್ಕೆ ಸೇರಿದೆ. ಕೆಲಸ ತಾತ್ಕಾಲಿಕ. ಕೊಳೆತ ಎಲೆ, ಸಗಣಿಯಿಂದ ಮಣ್ಣಿಗೆ ಬರುವ ಕಪ್ಪು ಸಾರವನ್ನು ಹ್ಯೂಮಸ್ ಎನ್ನುತ್ತಾರೆ. ಅದು ಕಾಸ್ಟಿಕ್ ಸೋಡಾದಿಂದ ಹೆಚ್ಚು ಹೊರಬರುತ್ತದೋ, ಪೈರೋಫಾಸ್ಫೇಟ್ ಎಂಬ ಉಪ್ಪಿನಿಂದಲೋ ಎಂದು ನಾನು ಹೋಲಿಸಬೇಕಿತ್ತು. ಪ್ರಯೋಗಾಲಯದ ಮುಖ್ಯಸ್ಥರಾದ ಸಾಹೇಬರು ಪೈರೋ ಪಕ್ಷ. ವರದಿ ಒಪ್ಪಿಗೆಯಾದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಮನೆಗೆ. ಮಣ್ಣು ತನ್ನ ಪಾಡಿಗೆ ಬಿದ್ದಿರುತ್ತದೆ. ಅದನ್ನು ಮುಟ್ಟಿದವರಿಂದಲೇ ದಿನಕ್ಕೊಂದು ಪ್ರಸಂಗ.

ಗುಬ್ಬಿಯ ಮರ್ಯಾದೆ

ಗುಬ್ಬಿ ಕಡೆಯ ರೈತರೊಬ್ಬರು ರಾಗಿ ಹೊಲದ ಮಣ್ಣೆಂದು ಕಾಡಿಗೆಯಂಥದ್ದನ್ನು ತಂದರು. ಅದನ್ನು ಜರಡಿ ಬೇರೆ ಹಿಡಿದು ನುಣ್ಣಗೆ ಮಾಡಿದ್ದರು.

"ಇದು ಹೊಲದ್ದೇನಾ?"

"ಹೊಲದ್ದು ಬರೀ ಕೆಂಪು ಗರಸು ಸಾರ್. ಟೌನಿಗೆ ತರಕ್ಕೆ ನಾಚಿಕೆ ಆಯ್ತು. ತಿಪ್ಪೆ ಪಕ್ಕದ್ದು ತಂದೆ."

"ನನಗೆ ಹೊಲದ್ದೇ ಬೇಕು."

"ಹೆಣ್ಣು ನೋಡಕ್ಕೆ ಬಂದೋರಿಗೆ ಯಾರಾದ್ರೂ ಕಳೆ ಕೀಳೋ ಸೀರೇಲಿ ತೋರಿಸ್ತಾರಾ?"

ಚರಟ

ಮಣ್ಣನ್ನು ಸೋಡಾದಲ್ಲೋ ಪೈರೋದಲ್ಲೋ ನೆನೆಸಿ ಸೋಸಿದ ರಸ ಕಾಫಿ ಡಿಕಾಕ್ಷನ್ ತರಹ ಇರುತ್ತದೆ. ಅದಕ್ಕೆ ಆಸಿಡ್ ಹಾಕಿದರೆ ಕಪ್ಪೆಲ್ಲ ಗಸಿಯಾಗಿ ತಳಕ್ಕಿಳಿಯುತ್ತದೆ. ತೂಗಬೇಕಾದ್ದು ಆ ಗಸಿಯನ್ನೇ. ಒಂದು ಬೆಳಿಗ್ಗೆ ಬಂದರೆ ಬೀಕರುಗಳೆಲ್ಲ ಫಳಫಳ.

"ಗಸಿ ಎಲ್ಲಣ್ಣಾ?" ಎಂದು ಅಟೆಂಡರನ್ನು ಕೇಳಿದೆ.

"ಚರಟ ತಾನೆ? ಚೆಲ್ಲಿ ತೊಳೆದಿಟ್ಟೆ. ತಿಳಿ ಒಂದು ತೊಟ್ಟೂ ಪೋಲಾಗಿಲ್ಲ, ಅಗೋ ಆ ಪಾತ್ರೇಲಿದೆ."

ಸಾಹೇಬರು ಬಂದು ಪಾತ್ರೆಗೆ ಬಗ್ಗಿದರು. "ಇದರಲ್ಲಿ ಪೈರೋದ್ದು ಯಾವುದು?"

"ಎಲ್ಲಾ ಒಟ್ಟಿಗೆ ಸುರಿದಿದೀನಿ ಸಾರ್. ಜಾಗ ಉಳೀತು."

ಕೊತ್ತಗೆರೆಯ ಭಾಗ

ಹೋಲಿಕೆಗೆ ಒಂದೇ ಹೊಲದ ಮಣ್ಣು ಬೇಕು. ಕುಣಿಗಲ್ ಕಡೆಯ ಕೊತ್ತಗೆರೆಯ ಒಂದು ರೈತರ ಮನೆಗೆ ಹೇಳಿಕಳಿಸಿದೆ. ಎರಡು ಚೀಲ ಬಂತು. ಒಂದಕ್ಕೆ ಸೋಡಾ, ಇನ್ನೊಂದಕ್ಕೆ ಪೈರೋ ಹಾಕಿದೆ. ಪೈರೋ ಭರ್ಜರಿಯಾಗಿ ಗೆದ್ದಿತು. ಸಾಹೇಬರು ಟೀ ಕೊಡಿಸಿದರು. ಆದರೆ ಅದುವರೆಗೆ ನೋಡಿದ ಬೇರೆಲ್ಲ ಮಣ್ಣಿನಲ್ಲೂ ಸೋಡಾವೇ ಮುಂದಿತ್ತು. ಅನುಮಾನ ಬಂದು ಬಸ್ ಹತ್ತಿದೆ.

ಹೊಲ ಅಣ್ಣತಮ್ಮಂದಿರಲ್ಲಿ ಭಾಗವಾಗಿತ್ತು. ಇಬ್ಬರೂ ಅವರವರ ಪಾಲಿನಿಂದ ಒಂದೊಂದು ಚೀಲ ತುಂಬಿದ್ದರು.

"ಇವನ ಚೀಲ ಕಪ್ಪಗೆ ಕಾಣ್ತು. ನನ್ನದಕ್ಕೆ ಎರಡು ಬೊಗಸೆ ಕುರಿಗೊಬ್ಬರ ಬೆರೆಸ್ದೆ," ಎಂದ ಅಣ್ಣ. ಪೈರೋಗೆ ಹೋಗಿದ್ದು ಅವನ ಚೀಲ.

"ನೋಡಿ ಸಾರ್, ಭಾಗದಾಗೂ ಹಿಂಗೇ ಮಾಡಿದ್ದು," ಎಂದ ತಮ್ಮ.

ನಾನೇ ಎರಡೂ ಕಡೆ ಅಗೆದು, ಮಣ್ಣನ್ನು ಒಂದೇ ಗೋಣಿತಾಟಿನ ಮೇಲೆ ಸುರಿದು ಚೆನ್ನಾಗಿ ಕಲಸಿದೆ.

ಅಣ್ಣ ಹಣೆಗೆ ಕೈ ಇಟ್ಟ. "ಇದನ್ನ ಬೇರೆ ಮಾಡ್ಕಳಕ್ಕೆ ಕೋರ್ಟು ಹತ್ತಿದ್ವಿ. ನೀವು ಬಂದು ಕಲಸಿಬುಟ್ರಲ್ಲ ಸ್ವಾಮಿ."

ಈ ಸಲ ಸೋಡಾ ಗೆದ್ದಿತು. ಸಾಹೇಬರು ವರದಿಯನ್ನು ತಿರುಗಿಸಿ ತಿರುಗಿಸಿ ಓದಿದರು. ಪೈರೋ ಸೋಲುವಂಥದ್ದಲ್ಲ, ಮೊದಲಿಂದ ಮಾಡು ಎಂದು ನನ್ನ ಕೆಲಸ ಮುಂದುವರಿಸಿದರು. ಆರು ತಿಂಗಳು.