ಕಿವಿಯ ತಪ್ಪಿಗೆ ಹೊಟ್ಟೆಗೆ ಶಿಕ್ಷೆ

ವಾಹನ ಹತ್ತಿದರೆ ಹೊಟ್ಟೆ ತೊಳೆಸುವ ಪಂಗಡಕ್ಕೆ ಸೇರಿದವಳು ನಾನು. ನಮ್ಮಂಥವರು ಎಲ್ಲಿಗೆ ಹೊರಟರೂ ಅಲ್ಲಿ ತಲುಪುವುದರೊಳಗೆ ಒಂದು ಕಥೆ ಹುಟ್ಟಿಕೊಳ್ಳುತ್ತದೆ. ನಮ್ಮೊಬ್ಬರನ್ನು ಬಿಟ್ಟು ಮಿಕ್ಕವರಿಗೆಲ್ಲ ಅದು ತಮಾಷೆಯಾಗಿರುತ್ತದೆ.

ಪರೀಕ್ಷೆ ಬರೆದು, ದೆಹಲಿಯ ಸಚಿವಾಲಯವೊಂದರಲ್ಲಿ ಕೆಲಸ ಹಿಡಿದು, ಮುನಿರ್ಕಾದ ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬಳೇ ಇದ್ದು ಬಾಳು ಶುರು ಮಾಡಿದವಳು ನಾನು. ಮದುವೆಯಾದ ಮೇಲೆ ಜನಕಪುರಿ. ಅಲ್ಲಿಂದ ಕಚೇರಿಗೆ ಬಸ್ಸಿನ ಕಂಬಿ ಹಿಡಿದು ಹೇಗೋ ಸಹಿಸಿಕೊಂಡು ಹೋಗುತ್ತಿದ್ದೆ. ಆಮೇಲೆ ಯಜಮಾನರಿಗೆ ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ಅಲ್ಲೇ ಫ್ಲ್ಯಾಟನ್ನೂ ಕೊಂಡೆವು. ಅವರ ಕಾಲೇಜು ಮನೆಗೆ ಹತ್ತಿರವಾಯಿತು. ನನ್ನ ಕಚೇರಿ ಮಾತ್ರ ಇದ್ದಲ್ಲೇ ಇತ್ತು.

ಮೊದಲ ವಾರ ಅವರೇ ಕಾರಿನಲ್ಲಿ ಬಿಟ್ಟು ಬಂದರು. ಆ ವಾರ ಎಕ್ಸ್‌ಪ್ರೆಸ್‌ವೇ ಬದಿಯ ಸಾಸಿವೆ ಹೊಲಗಳಲ್ಲಿ ನಾನು ಇಳಿಯದೆ ಬಿಟ್ಟದ್ದು ಬಹಳ ಕಡಿಮೆ.

"ಕೆಲಸ ಬಿಟ್ಟುಬಿಡು. ಆರಾಮಾಗಿ ಮನೇಲಿರು," ಎಂದರು.

"ವಾಂತಿಗೆ ಹೆದರಿ ಕೇಂದ್ರ ಸರ್ಕಾರದ ಕೆಲಸ ಬಿಡೋಕಾಗುತ್ತೇನ್ರೀ?"

"ಹೋಳಿವರೆಗೆ ನೋಡೋಣ. ಅಷ್ಟರಲ್ಲಿ ಸರಿಹೋಗ್ಲಿಲ್ಲ ಅಂದ್ರೆ ರಾಜೀನಾಮೆ."

ಒಪ್ಪಿಕೊಂಡೆ. ಆದರೆ ಆ ಕೆಲಸ ನನಗೆ ಪ್ರಾಣ. ನನ್ನದೇ ಅಂತ ಈ ಊರಿನಲ್ಲಿ ನನಗೆ ಮೊದಲು ಸಿಕ್ಕಿದ್ದು ಅದೊಂದೇ.

ಮೂರನೆಯವನ ಮೇಲೆ ಕ್ರಮ

ನಮ್ಮ ಮೇಲಿನ ಮಹಡಿಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರೊಬ್ಬರಿದ್ದರು. ಹಾಸನದ ಕಡೆಯವರು. ಅವರ ಹತ್ತಿರ ಹೋಗಿ, "ಡಾಕ್ಟ್ರೇ, ನನ್ನ ಹೊಟ್ಟೆ ಕೆಟ್ಟಿದೆ," ಎಂದೆ.

"ಹೊಟ್ಟೆ ಚೆನ್ನಾಗೇ ಇದೆಯಮ್ಮಾ. ಜಗಳ ಆಗ್ತಿರೋದು ಕಣ್ಣಿಗೂ ಕಿವಿಗೂ," ಎಂದರು.

ಕಿವಿಯ ಒಳಗೆ ಸ್ವಲ್ಪ ನೀರಿನಂಥ ದ್ರವ ಇರುತ್ತದಂತೆ. ಬಸ್ಸು ಅಲ್ಲಾಡಿದರೆ ಅದೂ ಅಲ್ಲಾಡಿ, 'ನಾವು ಹೊರಟಿದ್ದೇವೆ' ಎಂದು ಮಿದುಳಿಗೆ ವರದಿ ಕೊಡುತ್ತದೆ. ಕಣ್ಣು ಮಾತ್ರ ಎದುರಿನ ಸೀಟಿನ ಬೆನ್ನನ್ನೇ ನೋಡುತ್ತಾ, 'ಎಲ್ಲಿಗೂ ಹೋಗಿಲ್ಲ, ಇಲ್ಲೇ ಕೂತಿದ್ದೇವೆ' ಎನ್ನುತ್ತದೆ. ವಿಷ ಹೊಟ್ಟೆಗೆ ಹೋದಾಗಲೂ ಹೀಗೇ ಗೊಂದಲವಾಗುತ್ತದೆ. ಅದಕ್ಕೇ ಮಿದುಳು, 'ಇವಳು ಏನನ್ನೋ ತಿಂದಿದ್ದಾಳೆ, ತಿಂದದ್ದನ್ನೆಲ್ಲ ಹೊರಗೆ ಹಾಕಿ' ಎಂದು ಹುಕುಂ ಹೊರಡಿಸುತ್ತದೆ ಅಂತ ಒಂದು ವಾದ.

"ಅರ್ಥ ಆಯ್ತಾ?" ಎಂದರು ಡಾಕ್ಟರು.

"ಚೆನ್ನಾಗಿ ಆಯ್ತು. ನಮ್ಮ ಸಚಿವಾಲಯದಲ್ಲೂ ಹೀಗೇ. ಎರಡು ವಿಭಾಗದ ಟಿಪ್ಪಣಿ ತಾಳೆಯಾಗದಿದ್ರೆ, ಕ್ರಮ ಆಗೋದು ಏನೂ ಗೊತ್ತಿಲ್ಲದ ಮೂರನೆಯವನ ಮೇಲೆ."

ಹಿರಿತನದ ಸೀಟು

ಬಸ್ಸಿನಲ್ಲಿ ಮುಂದೆ ಕೂತು ದೂರದ ರಸ್ತೆ ನೋಡಬೇಕು, ಆಗ ಕಣ್ಣೂ ಕಿವಿಯೂ ಒಂದೇ ಮಾತು ಹೇಳುತ್ತವೆ. ಇದು ಡಾಕ್ಟರ ಮದ್ದು. ಹೇಳಲು ಸುಲಭ. ಕಚೇರಿಯವರೆಲ್ಲ ಸೇರಿ ತಿಂಗಳ ಲೆಕ್ಕದಲ್ಲಿ ಗೊತ್ತುಮಾಡಿಕೊಂಡ ಚಾರ್ಟರ್ಡ್ ಬಸ್ಸು ನಮ್ಮದು. ಅದರಲ್ಲಿ ಸೀಟುಗಳು ಹುದ್ದೆಯ ಪ್ರಕಾರ. ಮುಂದಿನ ಸೀಟಿನಲ್ಲಿ ಮೀರಠ್ ಕಡೆಯ ಸಾಹೇಬರೊಬ್ಬರು ಕೂರುತ್ತಿದ್ದರು. ಅವರು ರಜೆ ಹಾಕಿದ ದಿನವೂ ಆ ಸೀಟು ಖಾಲಿ ಹೋಗಿ ಖಾಲಿ ಬರುತ್ತಿತ್ತು.

ವಿನಯದಿಂದ ಕೇಳಿದೆ. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿ, "ಮೇಡಂಜಿ, ಈ ಸೀಟಿಗೆ ಬರೋಕೆ ನನಗೆ ಎಷ್ಟು ವರ್ಷ ಹಿಡಿಯಿತು ಗೊತ್ತೇ? ನಿಮ್ಮ ಸರದಿಯೂ ಬರುತ್ತದೆ," ಎಂದರು.

ಸರಿ ಅಂತ ಅವರ ಹಿಂದಿನ ಸೀಟಿನಲ್ಲಿ ಕೂತೆ. ಟೋಲ್ ಸೇತುವೆ ಹತ್ತುವಾಗ ನನ್ನ ಗಂಟಲಿನಿಂದ ಒಂದು ಶಬ್ದ ಹೊರಟಿತು. ಬರೀ ಶಬ್ದ, ಅಷ್ಟೇ. ಸಾಹೇಬರ ಬೋಳುತಲೆ ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಅವರು ಎದ್ದ ವೇಗಕ್ಕೆ ಅವರ ಪಕ್ಕದಲ್ಲಿದ್ದ ಬ್ರೀಫ್‌ಕೇಸು ಬಾಯಿ ತೆರೆದುಕೊಂಡು ಬಿತ್ತು.

"ಬೈಠಿಯೇ, ಬೈಠಿಯೇ. ಈ ಸೀಟು ನಿಮ್ಮದೇ."

ಸರ್ಕಾರಿ ನೌಕರಿಯಲ್ಲಿ ನನಗೆ ಸಿಕ್ಕ ಬಡ್ತಿಗಳಲ್ಲಿ ಅದೇ ತೀರ ಬೇಗ ಸಿಕ್ಕಿದ್ದು. ಒಂದೇ ಓಕರಿಕೆಗೆ ಸಿಕ್ಕಿತು.

ಬೆಳ್ಳಿ ಕಾಗದದ ಗುಳಿಗೆ

ಮುಂದಿನ ಸೀಟಿನಲ್ಲಿ ಅರ್ಧ ಗುಣವಾಯಿತು. ಉಳಿದರ್ಧವನ್ನು ಎಂಜಿನ್ನಿನ ಬಿಸಿಯೂ ಡೀಸೆಲ್ ವಾಸನೆಯೂ ನೋಡಿಕೊಂಡವು. ನನ್ನ ಪಾಡು ನೋಡಲಾರದೆ ನಮ್ಮ ವಿಭಾಗದ ಪಂಜಾಬಿ ಮೇಡಂ ಒಂದು ದಿನ ಕೈಚೀಲದಿಂದ ಬೆಳ್ಳಿ ಕಾಗದದಲ್ಲಿ ಸುತ್ತಿದ ಸಣ್ಣ ಗುಳಿಗೆ ತೆಗೆದು ಕೊಟ್ಟರು. "ನಮ್ಮ ಜೇಠ್‌ಜಿ, ನನ್ನ ಗಂಡನ ಅಣ್ಣ, ಕೆನಡಾದಿಂದ ತಂದದ್ದು. ಬಾಯಲ್ಲಿಟ್ಟುಕೋ, ನುಂಗಬೇಡ."

ಬಾಯಲ್ಲಿಟ್ಟುಕೊಂಡೆ. ಏನು ಹೇಳಲಿ, ಕಚೇರಿ ಬರುವವರೆಗೂ ಹೊಟ್ಟೆ ಹಾಸಿಗೆಯ ಮೇಲೆ ಮಲಗಿದಂತೆ ಮಲಗಿತ್ತು. ವಾರವಿಡೀ ದಿನಕ್ಕೊಂದು ಇಸಿದುಕೊಂಡೆ. ಬಸ್ಸಿನಲ್ಲಿ ಸಮೋಸಾ ತಿಂದೆ. ಅಂತ್ಯಾಕ್ಷರಿಯಲ್ಲಿ ಹಾಡಿದೆ. ಮನೆಗೆ ಹೋಗಿ, "ಇನ್ನು ರಾಜೀನಾಮೆಯ ಮಾತೇ ಬೇಡ," ಎಂದು ಯಜಮಾನರಿಗೆ ಘೋಷಿಸಿದೆ.

ಸೋಮವಾರ ಮೇಡಂ ನಗು ತಡೆಯಲಾರದೆ ಹೇಳಿಬಿಟ್ಟರು. ಅದು ಅವರ ಅತ್ತೆಗೆಂದು ಬೀದಿ ಕೊನೆಯ ಅಂಗಡಿಯಿಂದ ತಂದ ಪೆಪ್ಪರ್‌ಮಿಂಟು. ಕೆನಡಾದಲ್ಲಿ ಅವರಿಗೆ ಭಾವನೂ ಇರಲಿಲ್ಲ, ಯಾರೂ ಇರಲಿಲ್ಲ.

ಅವತ್ತು ಅದೇ ಗುಳಿಗೆ, ಅದೇ ಸೀಟು, ಆದರೆ ಟೋಲ್ ಸೇತುವೆ ದಾಟುವುದರೊಳಗೆ ಪ್ಲಾಸ್ಟಿಕ್ ಚೀಲ ಬೇಕಾಯಿತು. ಡಾಕ್ಟರಿಗೆ ಹೇಳಿದರೆ, "ಗುಣ ಆಗುತ್ತೆ ಅಂತ ನಂಬಿದ್ರೆ ಮಿದುಳು ಅರ್ಧ ಕೆಲಸ ತಾನೇ ಮಾಡುತ್ತೆ," ಎಂದರು. ಮರುದಿನ ಮೇಡಂ ಮುಂದೆ ಕೈಯೊಡ್ಡಿದೆ.

"ಇನ್ನೊಂದು ಯಾವುದಾದರೂ ಕೊಡಿ ದೀದಿ. ಬೇರೆ ದೇಶದ ಹೆಸರು ಹೇಳಿ."

ಬೀಟ್‌ರೂಟ್ ಪಲ್ಯ

ನೋವಿನ ವಿಷಯದಲ್ಲೂ ಮಿದುಳನ್ನು ನಂಬುವ ಹಾಗಿಲ್ಲ ಅಂತ ತಿಳಿದದ್ದು ಅದೇ ಬಸ್ಸಿನಲ್ಲಿ. ಮಂಜಿನ ದಿನ, ಎದುರಿಗೆ ಹಸುವೊಂದು ಬಂತು, ಡ್ರೈವರ್ ಭಯ್ಯಾ ಗಕ್ಕನೆ ಬ್ರೇಕು ಹಾಕಿದ. ಎಲ್ಲರೂ ಮುಗ್ಗರಿಸಿದೆವು. ಹಿಂದೆ ಸಾಮಾನಿನ ಕಂಬಿಯ ಮೇಲಿಟ್ಟಿದ್ದ ನನ್ನ ಬುತ್ತಿ ಡಬ್ಬಿ ಎಲ್ಲಿಗೋ ಹಾರಿತು. ನನ್ನ ಹಿಂದೆ ಕೂತಿದ್ದ ಸಾಹೇಬರು ಬಟ್ಟೆ ಕೊಡವಿಕೊಂಡು, "ಯಾರಿಗೂ ಏನೂ ಆಗಿಲ್ಲ ತಾನೇ?" ಎಂದು ಎಲ್ಲರನ್ನೂ ಗಟ್ಟಿ ಗಂಟಲಿನಲ್ಲಿ ವಿಚಾರಿಸಿದರು. ಆಮೇಲೆ ಬಗ್ಗಿ ತಮ್ಮ ಮೊಣಕಾಲು ನೋಡಿಕೊಂಡರು. ಬೂದು ಬಣ್ಣದ ಪ್ಯಾಂಟು ಮೊಣಕಾಲಿನಿಂದ ಕೆಳಗೆ ಕೆಂಪಗೆ ತೊಯ್ದಿತ್ತು.

"ಹಾಯ್ ರಾಮ್," ಎಂದವರೇ ಸೀಟಿನ ಮೇಲೆ ಒರಗಿದರು. ಕಾಲು ಅಲ್ಲಾಡಿಸಿದರೆ ಜೀವ ಹೋಗುವಷ್ಟು ನೋವು. ಮುಖ ಬೆವರಿತು. ನಾಲ್ಕು ಜನ ಅವರನ್ನು ಎತ್ತಿಕೊಂಡು ರಸ್ತೆ ಬದಿಯ ನರ್ಸಿಂಗ್ ಹೋಮಿಗೆ ಒಯ್ದರು. ನಾನೂ ಪಂಜಾಬಿ ಮೇಡಂ ಹಿಂದೆಯೇ ಓಡಿದೆವು. ನರ್ಸು ಪ್ಯಾಂಟಿನ ಕಾಲು ಮೇಲೆ ಮಡಚಿದಳು. ಒಂದು ಗೀರೂ ಇರಲಿಲ್ಲ. ಅವಳು ಬಗ್ಗಿ ಮೂಸಿದಳು. "ಇದರಲ್ಲಿ ತೆಂಗಿನಕಾಯಿ ತುರಿ ಇದೆ," ಎಂದಳು.

"ಅದು ನನ್ನ ಪಲ್ಯ," ಎಂದೆ.

ನೋವು ಆ ಕ್ಷಣವೇ ಮಾಯ. ಸಾಹೇಬರು ಎದ್ದು, ಘನತೆಯಿಂದ ನಾಲ್ಕು ಹೆಜ್ಜೆ ನಡೆದು ತೋರಿಸಿ, ಬಾಗಿಲು ತೆರೆಯಲು ಎಡಗೈ ಚಾಚಿದರು. ನರ್ಸು ಆ ಕೈ ನೋಡಿ ಚೀರಿದಳು. ಕಿರುಬೆರಳು ಹಿಂದಕ್ಕೆ ಸೊಟ್ಟಗೆ ತಿರುಗಿ ನಿಂತಿತ್ತು. ಅದು ಮುರಿದು ಅರ್ಧ ಗಂಟೆಯಾಗಿತ್ತು, ಸಾಹೇಬರಿಗೆ ಗೊತ್ತೇ ಇರಲಿಲ್ಲ. ಅವರ ಮಿದುಳು ನನ್ನ ಪಲ್ಯದ ಕೆಲಸದಲ್ಲಿ ಮುಳುಗಿಹೋಗಿತ್ತು.

ಸಾಹೇಬರ ಭಕ್ತಿ

ಚಳಿ ಮುಗಿಯುವ ಹೊತ್ತಿಗೆ ಬಸ್ಸೇ ನಿಂತುಹೋಯಿತು. ಗ್ರೇಟರ್ ನೋಯ್ಡಾದಿಂದ ಬರುವವರು ನಾವೇ ನಾಲ್ಕಾರು ಜನ, ಮಾಲೀಕನಿಗೆ ಗಿಟ್ಟಲಿಲ್ಲ. ಹೋಳಿ ಹತ್ತಿರ ಬಂದಿತ್ತು. ಯಜಮಾನರು ರಾಜೀನಾಮೆಯ ಸುದ್ದಿ ಎತ್ತಲಿಲ್ಲ, ಆದರೆ ನನ್ನನ್ನು ನೋಡಿ ಮೆತ್ತಗೆ ಮಾತಾಡತೊಡಗಿದರು. ಅದು ನನಗೆ ಇನ್ನೂ ಭಯ ಹುಟ್ಟಿಸಿತು.

"ಕಾರು ಓಡಿಸೋನಿಗೆ ಯಾವತ್ತಾದ್ರೂ ವಾಂತಿ ಆಗಿದ್ದು ನೋಡಿದ್ದೀರಾ?" ಎಂದರು ಡಾಕ್ಟರು. "ಯಾವಾಗ ಬ್ರೇಕು, ಯಾವಾಗ ತಿರುವು ಅಂತ ಅವನ ಮಿದುಳಿಗೆ ಮೊದಲೇ ಗೊತ್ತಿರುತ್ತೆ."

ಮದುವೆಗೆ ಮುಂಚೆ ತೆಗೆದಿಟ್ಟ ಲೈಸೆನ್ಸು ಪೆಟ್ಟಿಗೆಯಲ್ಲಿತ್ತು. ಡ್ರೈವಿಂಗ್ ಶಾಲೆಗೆ ಮತ್ತೆ ಹೋಗಿ ಕೈ ಪಳಗಿಸಿಕೊಂಡೆ. ನಮ್ಮ ಪುಟ್ಟ ಕಾರಿನಲ್ಲಿ ಸಾಹೇಬರನ್ನೂ ಪಂಜಾಬಿ ಮೇಡಂ ಅವರನ್ನೂ ಕೂರಿಸಿಕೊಂಡು ಹೊರಟೆ. ಡಾಕ್ಟರ ಮಾತು ನಿಜವಾಯಿತು. ಹೊಟ್ಟೆ ಗಲಾಟೆಯೇ ಇಲ್ಲ. ಹಾಡು ಗುನುಗುತ್ತಾ ಓಡಿಸುವಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಹಿಂದೆ ಕೂತವರು ಮಾತ್ರ ದಿನೇ ದಿನೇ ಮೌನಿಗಳಾದರು. ಮೇಡಂ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿಕೊಳ್ಳುವರು. ಕಚೇರಿ ಗೇಟಿನ ಮುಂದೆ ಇಳಿದ ಕೂಡಲೆ ಸಾಹೇಬರು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಈ ವಯಸ್ಸಿನಲ್ಲೂ ಕಚೇರಿಯ ಮೇಲೆ ಎಂಥ ಭಕ್ತಿ ಎಂದುಕೊಂಡೆ. ಒಂದು ದಿನ ಮೆಚ್ಚಿ ಹೇಳಿಯೂ ಬಿಟ್ಟೆ.

"ಭಕ್ತಿ ಅಲ್ಲ ಮೇಡಂಜಿ," ಎಂದರು ಸಾಹೇಬರು. "ನೆಲ ಅಲ್ಲಾಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತೇನೆ."

ಯಜಮಾನರ ತಪಾಸಣೆ

ಅವತ್ತಿನಿಂದ ನಾನು ಪ್ರತಿಯೊಂದನ್ನೂ ಮೊದಲೇ ಕೂಗಿ ಹೇಳತೊಡಗಿದೆ. "ಈಗ ಬ್ರೇಕು." "ಎಡಕ್ಕೆ ತಿರುಗ್ತೀನಿ." "ಮುಂದೆ ಹಂಪು." ಹಿಂದಿನವರ ಮಿದುಳಿಗೂ ಮುನ್ಸೂಚನೆ ಸಿಕ್ಕಿ, ಇಬ್ಬರೂ ಸುಧಾರಿಸಿದರು. ಮೇಡಂ ನಿಂಬೆಹಣ್ಣನ್ನು ಮನೆಯಲ್ಲೇ ಬಿಟ್ಟು ಬರತೊಡಗಿದರು.

ಹೋಳಿಗೆ ಎರಡು ದಿನ ಇತ್ತು. "ನಾಳೆ ನಾನೇ ನಿನ್ನ ಜೊತೆ ಬಂದು ನೋಡ್ತೀನಿ. ಆ ರಸ್ತೇಲಿ ನೀನು ದಿನಾ ಕಾರು ಓಡಿಸೋದು ಸರಿಯೋ ತಪ್ಪೋ, ಆಮೇಲೆ ತೀರ್ಮಾನ," ಎಂದರು ಯಜಮಾನರು. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ. ಕೆಲಸಕ್ಕೆಂದು ಬರೆದ ಪರೀಕ್ಷೆಗೂ ನಾನು ಅಷ್ಟು ಹೆದರಿರಲಿಲ್ಲ.

ಬೆಳಿಗ್ಗೆ ಸಾಹೇಬರೂ ಮೇಡಂ ಅವರೂ ಎಂದಿನಂತೆ ಹಿಂದೆ ಕೂತರು. ಯಜಮಾನರು ಮುಂದೆ ನನ್ನ ಪಕ್ಕದ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಹುಡುಗರ ಉತ್ತರಪತ್ರಿಕೆಗಳನ್ನು ಹರಡಿಕೊಂಡು, ಕೆಂಪು ಪೆನ್ನು ತೆಗೆದರು. ಸಮಯ ಹಾಳಾಗಬಾರದಲ್ಲ. ನಾನು, "ಈಗ ಬ್ರೇಕು," ಎಂದೆ.

"ನಿನ್ನ ಕಾಮೆಂಟರಿ ಬೇಡ ಮಾರಾಯ್ತಿ, ಲೆಕ್ಕ ತಪ್ಪುತ್ತೆ."

ಬಾಯಿ ಮುಚ್ಚಿಕೊಂಡು ಓಡಿಸಿದೆ. ಅವರು ಜನ್ಮದಲ್ಲಿ ಯಾವತ್ತೂ ನಮ್ಮ ಕಾರಿನಲ್ಲಿ ಆ ಸೀಟಿನಲ್ಲಿ ಕೂತವರಲ್ಲ, ಯಾವಾಗಲೂ ಸ್ಟೀರಿಂಗ್ ಹಿಂದೆಯೇ. ಮೊದಲ ಪತ್ರಿಕೆಗೆ ಎರಡು ಸಾಲು ಬೈಗುಳ ಬರೆದರು. ಎರಡನೆಯದಕ್ಕೆ ಬರೀ ಅಂಕ. ಆಮೇಲಿನವಕ್ಕೆ ಒಳಗೆ ನೋಡದೆಯೇ ಸರಿ ಗುರುತು ಬೀಳತೊಡಗಿತು. ಕೊನೆಗೆ ಪೆನ್ನೇ ನಿಂತಿತು. ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮುಖ ಪಾಲಕ್ ಸೊಪ್ಪಿನ ಬಣ್ಣಕ್ಕೆ ತಿರುಗಿತ್ತು.

"ನಿಲ್ಸು," ಎಂದರು, ಸಣ್ಣ ಧ್ವನಿಯಲ್ಲಿ.

ನಿಲ್ಲಿಸಿದೆ. ಬಾಗಿಲು ತೆರೆದು ಸಾಸಿವೆ ಹೊಲಕ್ಕೆ ಓಡಿದರು. ಬೆಳಗಿನ ದೋಸೆ ಅಲ್ಲೇ ಉಳಿಯಿತು. ಸಾಹೇಬರು ಇಳಿದು ಹೋಗಿ ಬೆನ್ನು ನೀವಿದರು. ಮೇಡಂ ನೀರು ಕೊಟ್ಟರು. ನಾನು ಕೆಳಗೆ ಬಿದ್ದ ಉತ್ತರಪತ್ರಿಕೆಗಳನ್ನು ಆರಿಸಿದೆ. ಆಯಿತು, ನನ್ನ ಕೆಲಸ ಹೋಯಿತು ಎಂದುಕೊಂಡೆ.

ಅವರು ಬಾಯಿ ಒರೆಸಿಕೊಂಡು ಬಂದು, ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು.

"ನೀನು ಕೆಲಸ ಬಿಡಬೇಡ ಕಣೇ," ಎಂದರು.

ಕಣ್ಣು ತುಂಬಿ ಬಂತು. ಇಷ್ಟು ತಿಂಗಳು ಕಾದ ಮಾತು. ಇನ್ನೊಂದು ಸಲ ಕೇಳುವ ಆಸೆಯಿಂದ, "ನಿಜವಾಗ್ಲೂನಾ? ಯಾಕ್ರೀ?" ಎಂದೆ.

"ನೀನು ಮನೇಲಿದ್ರೆ, ದಿನಾ ನನ್ನನ್ನ ಕಾಲೇಜಿಗೆ ಕಾರಲ್ಲಿ ಬಿಡ್ತೀನಿ ಅಂತೀಯ."