ಬಾರ್ಡರ್ ಫೈನ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಚಿಕ್ಕವ್ವನ ರೇಷ್ಮೆ ಮಗ್ಗ ಎರಡು ದಿನ ನಿಂತದ್ದು ನನ್ನ ಇಂಗ್ಲಿಷಿನಿಂದ. ಮತ್ತೆ ನಡೆದದ್ದು ಚಿಕ್ಕಪ್ಪನ ಇಂಗ್ಲಿಷಿನಿಂದ. ಜನ ಮಕ್ಕಳಿಗೆ ಜಾತಕ ಬರೆಸಿದರೆ, ಇಂಗ್ಲಿಷ್ ಪದಗಳಿಗೆ ಜಾತಕ ಬರೆಯುತ್ತಿದ್ದ ಮಹಾನುಭಾವ ಇಡೀ ಕೊಳ್ಳೇಗಾಲಕ್ಕೆ ಅವನೊಬ್ಬನೇ!

ಕಂಕುಳಲ್ಲಿ ರಟ್ಟು ಹರಿದ ಡಿಕ್ಷನರಿ ಇಲ್ಲದೆ ಅವನು ಕೆರೆಯ ಕಡೆಗೂ ಹೋದವನಲ್ಲ. ಒಮ್ಮೆ ಹನೂರಿನ ಬಸ್ಸು ಹತ್ತಲು ಹೋದ. ಕಂಡಕ್ಟರ್ “ರೈಟ್!” ಅಂದ. “ಯಾವ ರೈಟಪ್ಪಾ? ಬಲಗಡೆನೋ, ಸರಿನೋ, ಹಕ್ಕೋ?” ಎಂದು ಚಿಕ್ಕಪ್ಪ ಮೆಟ್ಟಿಲ ಕೆಳಗೇ ನಿಂತು ವಿಚಾರಣೆ ಶುರುಮಾಡಿದ. ಮೂರನೆಯ ಅರ್ಥ ಮುಗಿಯುವಷ್ಟರಲ್ಲಿ ಬಸ್ಸು ಮಧುವನಹಳ್ಳಿ ದಾಟಿತ್ತು.

ಆಗ ಕೊಳ್ಳೇಗಾಲ ಮದರಾಸಿಗೆ, ಪಕ್ಕದ ಯಳಂದೂರು ಮೈಸೂರಿಗೆ ಸೇರಿತ್ತು. ಯಳಂದೂರಿನ ಸಾಹೇಬರೊಬ್ಬರು ಮಗಳ ಮದುವೆಗೆಂದು ಚಿಕ್ಕವ್ವನಿಂದ ಸೀರೆ ನೇಯಿಸಿದರು. ಅಂಚಿನ ಬಳ್ಳಿ ಚಿತ್ತಾರ ಅವಳೇ ಯೋಚಿಸಿ ತೆಗೆದದ್ದು, ಅದೇ ಮೊದಲ ಸಲ. ಒಯ್ದು ಕೊಟ್ಟವನು ನಾನು. ಗಡಿಯ ಸುಂಕದ ಕಟ್ಟೆಯಲ್ಲಿ “ಚೀಲದಲ್ಲಿ ಏನ್ಲಾ?” ಎಂದರೆ, “ರಾಗಿ ಇಟ್ಟು ಸಾ” ಎಂದು ಹಲ್ಲು ಕಿರಿದು ದಾಟಿದ್ದೆ. ಎಂಥ ಬುದ್ಧಿವಂತ!

ವಾರಕ್ಕೆ ಸಾಹೇಬರ ಕಾರ್ಡು ಬಂತು. ಇಂಗ್ಲಿಷಿನಲ್ಲಿ ಎರಡೇ ಪದ: ಬಾರ್ಡರ್ ಫೈನ್. ಚಿಕ್ಕಪ್ಪ ಊರಲ್ಲಿರಲಿಲ್ಲ. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದ ಅನುಭವಸ್ಥ ನಾನಿದ್ದೆನಲ್ಲ! ಬಾರ್ಡರ್ ಅಂದರೆ ಗಡಿ, ಫೈನ್ ಅಂದರೆ ದಂಡ. ಕೋರ್ಟಿನ ಅಮೀನನ ಗೊಗ್ಗರು ದನಿ ತೆಗೆದು, “ಗಡಿ ದಾಟ್ಸಿದ್ಕೆ ದಂಡ! ಮಗ್ಗ ಜಪ್ತಿ!” ಎಂದೆ. ಅರ್ಧ ತಮಾಷೆ, ಅರ್ಧ ನನ್ನದೇ ಭಯ.

ಚಿಕ್ಕವ್ವ ನಗಲಿಲ್ಲ. ಲಾಳಿಯನ್ನು ರಾಗಿ ಮಡಕೆಯೊಳಗೆ ಹೂತು, “ಇನ್ನು ಮಗ್ಗ ಮುಟ್ಟಕಿಲ್ಲ ಕಣ್ಲಾ. ನಂಗ್ಯಾಕ್ ಬೇಕಿತ್ತು ಒಸ ಬಳ್ಳಿ?” ಎಂದಳು. ಎರಡು ದಿನ ಮನೆಯಲ್ಲಿ ಮಗ್ಗದ ಸದ್ದಿಲ್ಲ.

ಮೂರನೆಯ ದಿನ ಚಿಕ್ಕಪ್ಪ ಹನೂರಿನಿಂದ ಬಂದ (ಈ ಸಲ ಬಸ್ಸು ಸಿಕ್ಕಿತ್ತು!). ಕಾರ್ಡು ನೋಡಿ ಬಿದ್ದು ಬಿದ್ದು ನಕ್ಕ.

“ಲೇ ಪಂಡಿತ, ಸೀರೆಗೆ ಬಾರ್ಡರ್ ಅಂದ್ರೆ ಅಂಚು ಕಣ್ಲಾ! ಅಂಚು ಬೋ ಚಂದಾಗದೆ ಅಂತ ಬರ್ದವ್ರೆ!”

ನನಗೆ ಹೋದ ಜೀವ ಬಂತು. ಚಿಕ್ಕವ್ವ ಮಾತ್ರ ನಂಬಲಿಲ್ಲ. “ದಂಡಕ್ಕೂ ಚಂದಕ್ಕೂ ಒಂದೇ ಮಾತಾ?”

ಸರಿ, ಜಾತಕ ಬಿಚ್ಚಿತು. ಲ್ಯಾಟಿನ್ನಿನಲ್ಲಿ ಫೈನಿನ ಅಜ್ಜನ ಹೆಸರು ಫೀನಿಸ್, ಅಂದರೆ ಕೊನೆ. ಜಗಳವನ್ನು ಕೊನೆಗಾಣಿಸಲು ಕಟ್ಟುವುದು ಒಂದು ಫೈನ್. ಇನ್ನೊಂದು... ಇಲ್ಲಿ ಚಿಕ್ಕಪ್ಪ ತಡವರಿಸಿದ. ಡಿಕ್ಷನರಿ ಮುಚ್ಚಿಟ್ಟ.

“ಇನ್ನೊಂದು, ಕೊನೇಗಂಟ ಒಂದೆಳೆನೂ ತಪ್ದಂಗೆ ಮಾಡಿದ್ದು. ನೀ ನೇಯ್ದ ಅಂಚಿನಂಗೆ.”

ಇಪ್ಪತ್ತು ವರ್ಷ ಕನ್ನಡದಲ್ಲಿ ಹೇಳಲಾಗದ್ದನ್ನು ಹೆಂಡತಿಗೆ ಹೇಳಲು ನಮ್ಮ ಚಿಕ್ಕಪ್ಪ ಲ್ಯಾಟಿನ್ ಸುತ್ತಿಕೊಂಡು ಬರಬೇಕಾಯಿತು!

ಚಿಕ್ಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಡಕೆಗೆ ಕೈಹಾಕಿ ಲಾಳಿ ತೆಗೆದು, ಅಂಟಿದ ರಾಗಿ ಊದಿದಳು. ನಾನು ಸುಮ್ಮನಿರಬೇಕೋ ಬೇಡವೋ? ಚಿಕ್ಕಪ್ಪನ ದನಿಯಲ್ಲೇ “ಲ್ಯಾಟಿನ್ನಲ್ಲಿ ಲಾಳಿ ಅಜ್ಜನ ಎಸ್ರು...” ಎಂದು ಎಳೆದೆ. ಚಿಕ್ಕಪ್ಪನೂ ಹುರುಪಾಗಿ ಮತ್ತೆ ಡಿಕ್ಷನರಿ ಬಿಡಿಸಿದ.

ನೇಯಲು ಕೂರುವ ಮಗ್ಗದ ಗುಂಡಿಗೆ ಇಳಿಯುತ್ತಾ ಚಿಕ್ಕವ್ವ ಅಂದಳು: “ಇಬ್ರೂ ಬಾಯ್ಗೆ ಫೈನ್ ಆಕ್ಕಳಿ. ನಂಗೆ ಕೆಲ್ಸ ಅದೆ.”